ಗಲ್ಫ್‌ನಲ್ಲಿ ದುಡಿಮೆ, ಊರಲ್ಲಿ ಆಸ್ತಿ: ವಸಿಯ್ಯತ್ ಎಲ್ಲಿ?

ಔರಾದ್ ಕಡೆಯ ಸಹೋದರರೊಬ್ಬರು ವರ್ಷಗಟ್ಟಲೆ ಜಿದ್ದಾದಲ್ಲಿ ದುಡಿದು ಅಲ್ಲಿಯೇ ತೀರಿಕೊಂಡರು. ಅವರ ಹಣದಿಂದ ಬೀದರ್ ನಗರದಲ್ಲಿ ಒಂದು ನಿವೇಶನ ಕೊಂಡಿದ್ದರು. ನೋಂದಣಿಯ ದಿನ ಅವರು ಊರಲ್ಲಿರಲಿಲ್ಲ, ಕಾಗದ ತಮ್ಮನ ಹೆಸರಿಗಾಯಿತು. ರಜೆಗೆ ಬಂದಾಗ ಬದಲಿಸಿದರಾಯಿತು ಎಂದುಕೊಂಡಿದ್ದರು. ಇದ್ದತ್ ಮುಗಿಸಿದ ಅವರ ಪತ್ನಿ ಮೂವರು ಮಕ್ಕಳೊಂದಿಗೆ ಬಂದು ಕೇಳಿದರು: "ಮೌಲ್ವಿ ಸಾಬ್, ನಮಗೇನೂ ಇಲ್ಲವೇ?"

ಷರೀಅತ್‌ನಲ್ಲಿ ಇದಕ್ಕೆ ಉತ್ತರ ಸ್ಪಷ್ಟವಾಗಿದೆ. ತಾಯಿ, ಪತ್ನಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಇದ್ದಾರೆನ್ನಿ. ಸಾಲ ತೀರಿಸಿದ ಮೇಲೆ 96 ಲಕ್ಷ ಉಳಿದರೆ ಪತ್ನಿಗೆ 12, ತಾಯಿಗೆ 16, ಮಗನಿಗೆ 34, ಹೆಣ್ಣುಮಕ್ಕಳಿಗೆ ತಲಾ 17 ಲಕ್ಷ. ತಮ್ಮನಿಗೆ ಏನೂ ಇಲ್ಲ. ಆದರೆ ನ್ಯಾಯಾಲಯ ಮೊದಲು ನೋಡುವುದು ನೋಂದಣಿ ಪತ್ರವನ್ನು. ಇನ್ನೊಬ್ಬರ ಹೆಸರಲ್ಲಿರುವ ಆಸ್ತಿಗೆ 'ಹಣ ನನ್ನದು' ಎಂದು ದಾವೆ ಹೂಡುವುದನ್ನು 1988ರ ಬೇನಾಮಿ ಕಾಯ್ದೆ ಬಹುಮಟ್ಟಿಗೆ ತಡೆಯುತ್ತದೆ. ತಮ್ಮ ಅಲ್ಲಾಹನಿಗೆ ಹೆದರುವವನಾದರೆ ಸರಿ, ಇಲ್ಲದಿದ್ದರೆ ಆ ವಿಧವೆಯ ಗತಿಯೇನು?

ನಮ್ಮಲ್ಲಿ ವಸಿಯ್ಯತ್ ಎಂದರೆ ಸಾಯುವ ಮಾತು, ಅಪಶಕುನ ಎಂಬ ಭಾವನೆಯಿದೆ. ವಸಿಯ್ಯತ್ ಮಾಡಬೇಕಾದ್ದೇನಾದರೂ ಇರುವವನು ಅದನ್ನು ಬರೆದಿಡದೆ ಎರಡು ರಾತ್ರಿ ಕಳೆಯಬಾರದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಊರಿನಿಂದ ಸಾವಿರಾರು ಮೈಲಿ ದೂರ ಇರುವವನಿಗೆ ಇದು ಇನ್ನಷ್ಟು ಅನ್ವಯಿಸುತ್ತದೆ.

ವಸಿಯ್ಯತ್‌ಗೆ ಮಿತಿಯೂ ಇದೆ. ಸಾಲ ಮತ್ತು ಕಫನ್-ದಫನ್ ಖರ್ಚು ಕಳೆದ ಮೇಲೆ ಮೂರನೆಯ ಒಂದು ಭಾಗ ಮಾತ್ರ ಬರೆಯಬಹುದು. ವಾರೀಸುದಾರನಿಗೆ ಬರೆದರೆ ಉಳಿದ ವಾರೀಸುದಾರರು ಒಪ್ಪಬೇಕು. ಮನೆಯನ್ನು ಪತ್ನಿಗೇ ಕೊಡಬೇಕೆನ್ನುವವರು ಬದುಕಿರುವಾಗಲೇ ಹಿಬಾ ಮಾಡಿ ಸ್ವಾಧೀನವನ್ನೂ ಬಿಟ್ಟುಕೊಡಲಿ. ಇನ್ನು ಕೊಡದೆ ಉಳಿದ ಮಹ್ರ್ ಸಾಲವೇ ಆಗಿದೆ. ಪಾಲು ಮಾಡುವ ಮೊದಲು ಅದನ್ನು ತೀರಿಸಬೇಕು. ಎಷ್ಟು ಮನೆಗಳಲ್ಲಿ ಇದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ?

ಮಿತಿಯೊಳಗಿನ ಆ ಮೂರನೆಯ ಭಾಗ ಯಾರಿಗೆ ಬೇಕಾಗುತ್ತದೆಂದು ಭಾಲ್ಕಿಯ ಒಂದು ಮನೆಯಲ್ಲಿ ಕಂಡೆ. ಗಲ್ಫ್‌ನಲ್ಲಿದ್ದ ಹಿರಿಯ ಮಗ ತಂದೆಗಿಂತ ಮೊದಲೇ ತೀರಿಹೋದ. ಅವನ ಮಕ್ಕಳು ಅಜ್ಜನ ಬಳಿ ಇದ್ದಾರೆ. ಚಿಕ್ಕಪ್ಪಂದಿರು ಇರುವುದರಿಂದ ಅಜ್ಜನ ಆಸ್ತಿಯಲ್ಲಿ ಈ ಅನಾಥರಿಗೆ ವಾರೀಸು ಪಾಲಿಲ್ಲ. ಈಜಿಪ್ಟ್ 1946ರಲ್ಲಿ ಇಂಥ ಮೊಮ್ಮಕ್ಕಳಿಗೆ ಕಡ್ಡಾಯ ವಸಿಯ್ಯತ್‌ನ ಕಾನೂನು ತಂದಿತು, ಪಾಕಿಸ್ತಾನ 1961ರಲ್ಲಿ ಬೇರೆ ದಾರಿ ಹಿಡಿದು ಸತ್ತ ಮಗನ ಪಾಲನ್ನೇ ಕೊಟ್ಟಿತು. ನಮ್ಮ ದೇಶದಲ್ಲಿ ಮುಸ್ಲಿಮರಿಗೆ ಅಂಥ ಕಾನೂನಿಲ್ಲ. ಆ ಅಜ್ಜ ಎರಡು ಸಾಲು ಬರೆದರೆ ಮಕ್ಕಳಿಗೆ ಮೂರನೆಯ ಒಂದರವರೆಗೂ ಸಿಗುತ್ತದೆ. ನಾನು ಹೇಳಿದಾಗ ಅವರಿಗೆ ಆಶ್ಚರ್ಯ. ಇಷ್ಟು ದಿನ ಷರೀಅತ್ ಬಾಗಿಲು ಮುಚ್ಚಿದೆ ಎಂದೇ ತಿಳಿದಿದ್ದರಂತೆ!

ಕಾಗದದ ವಿಷಯಕ್ಕೆ ಬರೋಣ. ಬಾಯಿಮಾತಿನ ವಸಿಯ್ಯತ್ತೂ ನಮ್ಮಲ್ಲಿ ಊರ್ಜಿತವೇ, ಆದರೆ ರುಜುವಾತು ಕಷ್ಟ. ಬರೆದು ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ರಜೆಗೆ ಬಂದಾಗ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ. ನೋಂದಣಿ ಕಡ್ಡಾಯವಲ್ಲ, ಆದರೂ ಜಗಳ ಕಡಿಮೆಯಾಗುತ್ತದೆ. ಅಣ್ಣನಿಗೆ ಮುಖ್ತಿಯಾರ್‌ನಾಮೆ ಕೊಟ್ಟಿದ್ದೇನೆ, ಇನ್ನೇನು ಬೇಕು ಎನ್ನುವವರಿದ್ದಾರೆ. ಕೊಟ್ಟವನು ಸತ್ತ ಕೂಡಲೇ ಮುಖ್ತಿಯಾರ್‌ನಾಮೆಯೂ ಸತ್ತಂತೆ. ಬ್ಯಾಂಕಿನ ನಾಮಿನಿಯೂ ಒಡೆಯನಲ್ಲ; ಅವನು ಹಣ ಪಡೆದು ವಾರೀಸುದಾರರಿಗೆ ತಲುಪಿಸಬೇಕಾದವನು. ವಿಮೆಯ ನಾಮಿನಿಯ ಬಗ್ಗೆ ಸುಪ್ರೀಂ ಕೋರ್ಟ್ 1984ರಲ್ಲೇ ಹೀಗೆ ಹೇಳಿದೆ.

ಅಲ್ಲಿನ ಬ್ಯಾಂಕ್ ಖಾತೆ, ಕಂಪೆನಿ ಕೊಡಬೇಕಾದ ಸೇವಾ ಮೊತ್ತ, ಗೆಳೆಯರಿಗೆ ಕೊಟ್ಟ ಕೈಸಾಲ ಇವೆಲ್ಲ ಎಷ್ಟೋ ಪತ್ನಿಯರಿಗೆ ಗೊತ್ತೇ ಇರುವುದಿಲ್ಲ. ಒಂದು ನೋಟ್‌ಬುಕ್ ಸಾಕು, ಅದು ಮನೆಯಲ್ಲಿರಲಿ, ಒಂದು ನಕಲು ಜೊತೆಗಾರನ ಬಳಿ ಇರಲಿ.

ಜಿದ್ದಾದ ಆ ಸಹೋದರನ ತಮ್ಮನನ್ನು ಜಮಾಅತ್‌ನ ಹಿರಿಯರು ಮೂರು ಬಾರಿ ಕರೆದು ಮಾತಾಡಿಸಿದರು. ಕೊನೆಗೆ ಅರ್ಧ ನಿವೇಶನ ಅತ್ತಿಗೆಯ ಹೆಸರಿಗೆ ಮಾಡಿಕೊಟ್ಟ. ಉಳಿದರ್ಧದ ಮಾತು ಇನ್ನೂ ಮುಗಿದಿಲ್ಲ.