ಬಭ್ರುವಾಹನ ಪ್ರಸಂಗ (ಜೈಮಿನಿ ಭಾರತ)

ಬಭ್ರುವಾಹನ ಪ್ರಸಂಗವು ಲಕ್ಷ್ಮೀಶ ಕವಿಯ ‘ಜೈಮಿನಿ ಭಾರತ’ ಕಾವ್ಯದ ಪ್ರಸಿದ್ಧ ಉಪಾಖ್ಯಾನಗಳಲ್ಲಿ ಒಂದು. ಯುಧಿಷ್ಠಿರನ ಅಶ್ವಮೇಧದ ಕುದುರೆಯ ಬೆಂಗಾವಲಿಗೆ ಹೊರಟ ಅರ್ಜುನನು ಮಗನ ಕೈಯಲ್ಲೇ ಮಡಿದು ಮರಳಿ ಜೀವ ಪಡೆಯುವ ಕಥೆ ಇದರಲ್ಲಿದೆ.

ಹಿನ್ನೆಲೆ

ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನ ದೇವನೂರು ಲಕ್ಷ್ಮೀಶನ ಊರೆಂಬುದು ಪ್ರಚಲಿತ ಅಭಿಪ್ರಾಯ. ಕವಿಯ ಕಾಲದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. 34 ಸಂಧಿಗಳ ಈ ಕಾವ್ಯವು ವಾರ್ಧಕ ಷಟ್ಪದಿಯಲ್ಲಿದೆ.

ಕಥಾಸಾರ

ಯಜ್ಞಾಶ್ವವು ಮಣಿಪುರಕ್ಕೆ ಬಂದಾಗ ಅಲ್ಲಿನ ಅರಸ ಬಭ್ರುವಾಹನನು ಅದನ್ನು ಕಟ್ಟಿಹಾಕುತ್ತಾನೆ. ಬಂದವನು ತಂದೆಯೆಂದು ತಾಯಿ ಚಿತ್ರಾಂಗದೆಯಿಂದ ತಿಳಿದು, ಕಾಣಿಕೆಗಳೊಡನೆ ಹೋಗಿ ಅರ್ಜುನನ ಕಾಲಿಗೆರಗುತ್ತಾನೆ. ಅರ್ಜುನನು ಅವನನ್ನು ಒದೆದು, ಹೇಡಿಯೆಂದು ಜರೆದು, ಚಿತ್ರಾಂಗದೆಯ ಶೀಲವನ್ನೂ ಶಂಕಿಸುತ್ತಾನೆ. ಅನಂತರದ ಯುದ್ಧದಲ್ಲಿ ಕರ್ಣನ ಮಗ ವೃಷಕೇತುವೂ ಅರ್ಜುನನೂ ಮಡಿಯುತ್ತಾರೆ. ಉಲೂಪಿಯ ಸೂಚನೆಯಂತೆ ಬಭ್ರುವಾಹನನು ನಾಗಲೋಕದ ಮೇಲೆ ಯುದ್ಧ ಮಾಡಿ ಸಂಜೀವಕ ಮಣಿಯನ್ನು ತರುತ್ತಾನೆ. ಶ್ರೀಕೃಷ್ಣನ ಅನುಗ್ರಹದಿಂದ ಇಬ್ಬರೂ ಬದುಕುತ್ತಾರೆ.

ಪಾತ್ರಗಳ ನಿರ್ಧಾರಗಳು

ಬಭ್ರುವಾಹನನು ಮೊದಲು ಆರಿಸಿಕೊಳ್ಳುವುದು ವಿನಯವನ್ನು. ತನಗಾದ ಅವಮಾನದ ಜೊತೆಗೆ ತಾಯಿಯ ಮಾನಕ್ಕೂ ಕುಂದು ಬಂದಾಗ ಅವನಿಗೆ ಯುದ್ಧ ಅನಿವಾರ್ಯವಾಗುತ್ತದೆ. ಅರ್ಜುನನ ಕಣ್ಣಿನಲ್ಲಿ ಮಗನೆಂದರೆ ಅಭಿಮನ್ಯು. ಶೌರ್ಯವನ್ನೇ ಅಳತೆಗೋಲಾಗಿಸಿಕೊಂಡ ಅವನಿಗೆ ಪ್ರೀತಿಯಿಂದ ಬಾಗಿದ ತಲೆ ಹೇಡಿತನವಾಗಿ ತೋರುತ್ತದೆ. ಸಂಧಾನ ಬಯಸಿದ ಚಿತ್ರಾಂಗದೆಯೇ ಕಲಹಕ್ಕೆ ನಿಮಿತ್ತಳಾಗುವುದು ಈ ಪ್ರಸಂಗದ ದುರಂತ.

ಆಶಯ

ಭೀಷ್ಮನನ್ನು ಕೊಂದುದಕ್ಕಾಗಿ ಗಂಗೆ ಕೊಟ್ಟ ಶಾಪವೇ ಅರ್ಜುನನ ಮರಣಕ್ಕೆ ಕಾರಣವೆಂದು ಕಾವ್ಯ ಹೇಳುತ್ತದೆ. ಆದರೂ ಕಟುನುಡಿ ಅರ್ಜುನನದೇ. ಆದ್ದರಿಂದ ಶಾಪವು ಅವನ ಹೊಣೆಯನ್ನು ಅಳಿಸುವುದಿಲ್ಲ. ಕವಿಯು ಇದೇ ಸಂದರ್ಭದಲ್ಲಿ ಕುಶಲವರ ಕಥೆಯನ್ನು ನಿರೂಪಿಸುತ್ತಾನೆ. ಎರಡರಲ್ಲೂ ಪತ್ನಿಯ ಮೇಲೆ ಬಂದ ಅಪವಾದ ಮುಂದೆ ತಂದೆ-ಮಕ್ಕಳ ಯುದ್ಧವಾಗಿ ಬೆಳೆಯುತ್ತದೆ. ಎದುರಾಳಿ ತಂದೆಯೆಂದು ಕುಶಲವರಿಗೆ ತಿಳಿಯದು, ಬಭ್ರುವಾಹನನಿಗೆ ತಿಳಿದಿದೆ. ಅವನ ಸಂಕಟ ಹೆಚ್ಚು ತೀವ್ರವಾಗಿರುವುದು ಇದರಿಂದಲೇ. ಕೊಂದವನೇ ಜೀವ ಮರಳಿಸಲು ಪಾತಾಳಕ್ಕೆ ಇಳಿಯುವುದರಿಂದ, ಕಥೆಯು ಗೆಲುವಿಗಿಂತ ಪ್ರಾಯಶ್ಚಿತ್ತಕ್ಕೆ ಹೆಚ್ಚಿನ ಬೆಲೆ ಕೊಡುತ್ತದೆ.

ಪ್ರಭಾವ

ಈ ಕಥೆಯು ಯಕ್ಷಗಾನ ಮತ್ತು ತಾಳಮದ್ದಳೆಗಳಲ್ಲಿ ‘ಬಭ್ರುವಾಹನ ಕಾಳಗ’ ಎಂಬ ಹೆಸರಿನಿಂದ ಜನಪ್ರಿಯವಾಗಿದೆ. ಹುಣಸೂರು ಕೃಷ್ಣಮೂರ್ತಿ ನಿರ್ದೇಶಿಸಿದ ‘ಬಭ್ರುವಾಹನ’ (1977) ಚಲನಚಿತ್ರದಲ್ಲಿ ತಂದೆ ಮತ್ತು ಮಗನ ಪಾತ್ರಗಳೆರಡನ್ನೂ ರಾಜ್‌ಕುಮಾರ್ ಅವರೇ ನಿರ್ವಹಿಸಿದ್ದಾರೆ.