ಹಳೆಯ ಹವಾನಿಯಂತ್ರಣ ಯಂತ್ರವೂ ಹೊಸದರ ವೆಚ್ಚವೂ

ಬಳ್ಳಾರಿ, ರಾಯಚೂರು, ಕಲಬುರಗಿಗಳ ಬೇಸಗೆಯನ್ನು ಕಂಡುಂಡವರಿಗೆ ಹವಾನಿಯಂತ್ರಣ ಯಂತ್ರವು ಬರಿಯ ಭೋಗವಸ್ತುವೆಂದು ಹೇಳಹೋಗುವುದು ಸಲ್ಲದು. ಹಾಸಿಗೆ ಹಿಡಿದ ಹಿರಿಯರೋ ಹಸುಗೂಸೋ ಇರುವ ಮನೆಯಲ್ಲಿ, ಹತ್ತು ಹನ್ನೆರಡು ವರ್ಷ ದುಡಿದ ಯಂತ್ರವು ಏಪ್ರಿಲಿನಲ್ಲಿ ನಿಂತರೆ ಯಜಮಾನನು ಆ ಸಂಜೆಯೇ ಅಂಗಡಿಗೆ ಓಡುತ್ತಾನೆ. ಅವಸರದಲ್ಲಿ ಕೊಂಡದ್ದರ ಕಂತು ಮುಂದಿನ ಬೇಸಗೆಯವರೆಗೂ ಎಳೆಯುತ್ತದೆ.

ಯಂತ್ರಕ್ಕೆ ನಿಜವಾಗಿ ಆಗಿರುವುದೇನೆಂದು ಮೊದಲು ತಿಳಿಯಬೇಕು. ಜಾಲರಿಯಲ್ಲಿ ಧೂಳು ಕಟ್ಟಿದರೂ ತಂಪು ತಗ್ಗುತ್ತದೆ. ಕೆಪಾಸಿಟರ್ ಎಂಬ ಸಣ್ಣ ಭಾಗ ಕೆಟ್ಟರೂ ಹೊರಗಿನ ಪೆಟ್ಟಿಗೆ ಓಡದು. ಅದನ್ನು ಬದಲಿಸುವುದು ನೂರುಗಳ ಲೆಕ್ಕ, ಸಾವಿರಗಳದ್ದಲ್ಲ. “ಗ್ಯಾಸು ಖರ್ಚಾಗಿದೆ, ತುಂಬಿಸಬೇಕು” ಎಂದು ರಿಪೇರಿಯವರು ಹೇಳುವುದುಂಟು. ಈ ಗ್ಯಾಸು ಸೀಮೆಎಣ್ಣೆಯಂತೆ ಉರಿದು ತೀರುವ ಪದಾರ್ಥವಲ್ಲ. ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆಯೆಂದೇ ಅರ್ಥ. ಸೋರಿಕೆಯನ್ನು ಮುಚ್ಚದೆ ತುಂಬಿಸುವುದು ತೂತು ಕೊಡಕ್ಕೆ ನೀರು ಹೊಯ್ದಂತೆ. ಕಂಪ್ರೆಸರ್ ಸುಟ್ಟಿದ್ದರೆ, ಇಲ್ಲವೆ ಒಳಗಿನ ಸುರುಳಿ ಸವೆದು ಪದೇ ಪದೇ ಸೋರುತ್ತಿದ್ದರೆ ಹೊಸದರ ಮಾತು.

ಬಹಳ ಹಳೆಯ ಯಂತ್ರವಾದರೆ ಅದರಲ್ಲಿ ಆರ್-22 ಎಂಬ ಅನಿಲವಿದ್ದೀತು. ಅದು ಓಜೋನ್ ಪದರಕ್ಕೆ ಹಾನಿಕರ. 1987ರ ಮಾಂಟ್ರಿಯಲ್ ಒಪ್ಪಂದ ಮತ್ತು ಅದರ ತಿದ್ದುಪಡಿಗಳ ಮೇರೆಗೆ ಹಂತಹಂತವಾಗಿ ಹಿಂದೆ ಸರಿಯುತ್ತಿದೆ. ಹೊಸ ಯಂತ್ರಗಳಲ್ಲಿ ಬಹುಮಟ್ಟಿಗೆ ಆರ್-32 ಇರುತ್ತದೆ. ಇದರ ಒತ್ತಡ ಹೆಚ್ಚು, ಜೊತೆಗೆ ಬಳಸುವ ಎಣ್ಣೆಯೂ ಬೇರೆ. ಆದುದರಿಂದ ಹಳೆಯ ತಾಮ್ರದ ಕೊಳವೆಯನ್ನೇ ಉಳಿಸಿಕೊಳ್ಳುವುದು ಕ್ಷೇಮವಲ್ಲ. ಕೊಳವೆ, ಸ್ಟ್ಯಾಂಡು, ವೈರು, ಜೋಡಣೆಯ ಕೂಲಿ ಇವೆಲ್ಲವನ್ನೂ ಅಂಗಡಿಯವರಿಂದ ಮೊದಲೇ ಬರೆಯಿಸಿಕೊಳ್ಳಬೇಕು. ತೆರಿಗೆಯೇನೋ 2025ರ ಸೆಪ್ಟೆಂಬರ್ 22ರಿಂದ ಶೇಕಡ 28ರಿಂದ 18ಕ್ಕೆ ಇಳಿದಿದೆ.

ಒಂದೂವರೆ ಟನ್ ಎಂದೊಡನೆ ಯಂತ್ರದ ತೂಕವೆಂದು ಭಾವಿಸುವವರಿದ್ದಾರೆ. ಒಂದು ಟನ್ ಮಂಜುಗಡ್ಡೆಯು 24 ಗಂಟೆಗಳಲ್ಲಿ ಕರಗುವಾಗ ಎಷ್ಟು ಶಾಖವನ್ನು ಹೀರುತ್ತದೆಯೋ ಅಷ್ಟನ್ನು ಹೊರಹಾಕುವ ಶಕ್ತಿಗೆ ಆ ಹೆಸರು. ಮಂಜುಗಡ್ಡೆ ಮಾರುತ್ತಿದ್ದ ಕಾಲದ ಪದವೊಂದು ಹೀಗೆ ನಮ್ಮ ಗೋಡೆಯ ಮೇಲೆ ಉಳಿದಿದೆ!

“ಹೊಸದನ್ನು ಕೊಂಡರೆ ವಿದ್ಯುತ್ತಿನಲ್ಲೇ ಹಣ ಮರಳುತ್ತದೆ” ಎಂಬ ಮಾತನ್ನು ಲೆಕ್ಕ ಹಾಕಿ ನೋಡೋಣ. ನಕ್ಷತ್ರಗಳ ಚೀಟಿಯಲ್ಲಿ ಅಚ್ಚಾಗಿರುವ ವಾರ್ಷಿಕ ಯೂನಿಟ್ಟುಗಳು 1600 ಗಂಟೆಗಳ ಬಳಕೆಗೆ ಸಂಬಂಧಿಸಿದವು. ಚೀಟಿಯಲ್ಲಿ 800 ಎಂದಿದ್ದರೆ ಗಂಟೆಗೆ ಅರ್ಧ ಯೂನಿಟ್ಟಾಯಿತು. ಹಳೆಯದು ಒಂದೂಕಾಲು ಯೂನಿಟ್ಟು ತಿನ್ನುತ್ತದೆಂದು ಹಿಡಿದರೆ ಉಳಿತಾಯ ಮುಕ್ಕಾಲು. ಬಳ್ಳಾರಿಯ ಮನೆಯಲ್ಲಿ 120 ರಾತ್ರಿ, ಎಂಟೆಂಟು ಗಂಟೆ ಓಡಿಸಿದರೆ ವರ್ಷಕ್ಕೆ 720 ಯೂನಿಟ್ಟು. ಯೂನಿಟ್ಟಿಗೆ 6 ರೂಪಾಯಿಯಂತೆ 4,320 ರೂಪಾಯಿ. ಎಲ್ಲ ಸೇರಿ 45,000 ವೆಚ್ಚವಾಗಿದ್ದರೆ ಅದು ಮರಳಲು ಹತ್ತು ವರ್ಷ ಮೀರುತ್ತದೆ. ಮೈಸೂರಿನಲ್ಲಿ 40 ದಿನ, ಮೂರು ಮೂರು ಗಂಟೆ ಓಡಿಸುವವರಿಗೆ ಉಳಿಯುವುದು 540 ರೂಪಾಯಿ; ಮರಳುವುದು ಮೊಮ್ಮಕ್ಕಳ ಕಾಲಕ್ಕೆ.

ಎಂದಮೇಲೆ ಕೇವಲ ಉಳಿತಾಯದ ಆಸೆಯಿಂದ ಓಡುತ್ತಿರುವ ಯಂತ್ರವನ್ನು ಕಿತ್ತುಹಾಕಬೇಕಾಗಿಲ್ಲ. ಹೇಗೂ ಕೊಳ್ಳಲೇಬೇಕಾಗಿ ಬಂದವರು ಮಾತ್ರ ಮೂರು ನಕ್ಷತ್ರಕ್ಕೂ ಐದಕ್ಕೂ ಇರುವ ಬೆಲೆಯ ಅಂತರವನ್ನು ತಮ್ಮ ಮನೆಯ ಗಂಟೆಗಳೊಡನೆ ತೂಗಿ ನೋಡಲಿ. ಹಳೆಯದರೊಳಗಿನ ತಾಮ್ರಕ್ಕೂ ಬೆಲೆಯುಂಟು; ವಿನಿಮಯಕ್ಕೆ ಎಷ್ಟು ಕೊಡುತ್ತಾರೆಂದು ಎರಡು ಅಂಗಡಿಗಳಲ್ಲಾದರೂ ಕೇಳಬೇಕು.