ಕಣ್ಣಿನಿಂದ ಮಿದುಳಿಗೆ 16 ಗಂಟೆಯ ದಾರಿ

ಮೀನಿನ ಕೋಣೆಯಲ್ಲಿ ಬೆಳಗಾಗುವುದು ಸೂರ್ಯನಿಂದಲ್ಲ, ಗಡಿಯಾರದಿಂದ. 14 ಗಂಟೆ ಬೆಳಕು, 10 ಗಂಟೆ ಕತ್ತಲು. ತೊಟ್ಟಿಗಳ ನೀರು ವರ್ಷವಿಡೀ 28.5 ಡಿಗ್ರಿಯಲ್ಲೇ ಇರುತ್ತದೆ. ಹಿಂದಿನ ಸಂಜೆ ಗಂಡನ್ನೂ ಹೆಣ್ಣನ್ನೂ ಒಂದೇ ಪೆಟ್ಟಿಗೆಯಲ್ಲಿ ಬಿಟ್ಟು ನಡುವೆ ತೆಳುವಾದ ತಡೆ ಇಟ್ಟಿರುತ್ತಾರೆ. ದೀಪ ಹತ್ತಿದ ಮೇಲೆ ತಡೆ ತೆಗೆದರೆ ಸಾಕು, ಮೈಮೇಲೆ ನೀಲಿ ಗೆರೆ ಎಳೆದುಕೊಂಡ ಆ ಪುಟ್ಟ ಮೀನುಗಳ ಬೆನ್ನಟ್ಟುವ ಆಟ ಶುರುವಾಗುತ್ತದೆ. ಗಂಡು ಹೆಣ್ಣಿನ ಪಕ್ಕೆಗೆ ಮೈ ಒತ್ತಿ ನಡುಗಿದಾಗ ಮೊಟ್ಟೆಗಳು ಉದುರುತ್ತವೆ. ತಳದ ಜಾಲರಿಯ ಸಂದಿಯಿಂದ ಅವು ಕೆಳಗಿಳಿಯದಿದ್ದರೆ ಹೆತ್ತವರೇ ತಿಂದುಬಿಡುತ್ತಾರೆ. ಮುಕ್ಕಾಲು ಮಿಲಿಮೀಟರು ಅಗಲವೂ ಇಲ್ಲದ ಆ ಮೊಟ್ಟೆ ನೀರಿನಷ್ಟೇ ತಿಳಿ. ಅದರೊಳಗೆ ನಡೆಯುವುದೆಲ್ಲ ಹೊರಗಿನಿಂದಲೇ ಕಾಣುತ್ತದೆ.

ಜೀಬ್ರಾ ಮೀನು ನಮ್ಮ ಉಪಖಂಡದ ಹೊಳೆ, ಗದ್ದೆಗಳ ನೀರಿನದು. ಅದನ್ನು ಮೊದಲು ವಿವರಿಸಿ ವಿಜ್ಞಾನದ ಹೆಸರು ಕೊಟ್ಟವರು ಫ್ರಾನ್ಸಿಸ್ ಹ್ಯಾಮಿಲ್ಟನ್. ಗಂಗಾ ನದಿಯ ಮೀನುಗಳ ಬಗ್ಗೆ ಅವರು ಬರೆದು 1822ರಲ್ಲಿ ಅಚ್ಚಾದ ಪುಸ್ತಕದಲ್ಲಿ ಕೋಸಿ ನದಿಯ ಈ ಪುಟ್ಟ ಮೀನು ಇದೆ. ಕನ್ನಡಿಗರು ಅವರನ್ನು ಇನ್ನೊಂದು ಹೆಸರಿನಿಂದ ಬಲ್ಲರು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳಲ್ಲಿ ಊರೂರು ಸುತ್ತಿ ಬೆಳೆ, ತೆರಿಗೆ, ಜಾತಿ, ಕಸುಬುಗಳನ್ನೆಲ್ಲ ಬರೆದಿಟ್ಟ ಬುಕಾನನ್ ಅವರೇ ಇವರು. ನಮ್ಮ ಹಳ್ಳಿಗಳ ದಾಖಲೆ ಬರೆದ ಕೈಯೇ ಈ ಮೀನನ್ನೂ ದಾಖಲಿಸಿತೆಂಬುದು ನನಗೆ ಬಹಳ ಇಷ್ಟದ ಸಂಗತಿ.

ಮೊಟ್ಟೆಗೆ ಮರಳೋಣ. 24 ಗಂಟೆ ಕಳೆದಾಗ ಅದರೊಳಗೆ ತಲೆ, ಬಾಲ, ಎರಡು ಬಟ್ಟಲುಗಣ್ಣು ಮೂಡಿರುತ್ತವೆ. ಸುಮಾರು 28ನೇ ಗಂಟೆಗೆ ಅಕ್ಷಿಪಟಲದಲ್ಲಿ ಗ್ಯಾಂಗ್ಲಿಯಾನ್ ಕೋಶಗಳು ಹುಟ್ಟತೊಡಗುತ್ತವೆ. ಕಣ್ಣು ಕಂಡದ್ದನ್ನು ಮಿದುಳಿಗೆ ಒಯ್ಯುವ ಕೋಶಗಳು ಇವು. ಒಂದೊಂದು ಕೋಶವೂ ಒಂದು ತಂತುವನ್ನು ಹೊರಚಾಚುತ್ತದೆ. 32ನೇ ಗಂಟೆಯ ಹೊತ್ತಿಗೆ ಮೊದಲ ತಂತುಗಳು ಕಣ್ಣಿನ ಹಿಂಬದಿಯಿಂದ ಹೊರಬೀಳುತ್ತವೆ. 36ರ ಸುಮಾರಿಗೆ ಮಿದುಳಿನ ಅಡಿಯಲ್ಲಿ ನಡುಗೆರೆ ದಾಟುತ್ತವೆ. ಈ ಮೀನಿನಲ್ಲಿ ಒಂದು ತಂತುವೂ ತನ್ನ ಬದಿಯಲ್ಲಿ ಉಳಿಯುವುದಿಲ್ಲ; ಬಲಗಣ್ಣಿನದೆಲ್ಲ ಎಡಕ್ಕೆ, ಎಡಗಣ್ಣಿನದೆಲ್ಲ ಬಲಕ್ಕೆ. ಅಲ್ಲಿಂದ ಮೇಲಕ್ಕೂ ಹಿಂದಕ್ಕೂ ಬಾಗಿ, 48ನೇ ಗಂಟೆಯ ವೇಳೆಗೆ ನಡುಮಿದುಳಿನ ಚಾವಣಿಯಾದ ಟೆಕ್ಟಮ್ ಮುಟ್ಟುತ್ತವೆ. ಐದನೇ ದಿನ ಆ ಮರಿ ನೀರಿನಲ್ಲಿ ತೇಲುವ ಪ್ಯಾರಮೀಸಿಯಂ ಒಂದನ್ನು ಗುರಿಯಿಟ್ಟು, ಕಣ್ಣೆರಡನ್ನೂ ಒಳಕ್ಕೆ ತಿರುಗಿಸಿ, ಹಾರಿ ಹಿಡಿಯುತ್ತದೆ.

ಸೂಕ್ಷ್ಮದರ್ಶಕದಲ್ಲಿ ತಂತುವಿನ ತುದಿಯನ್ನು ನೋಡಬೇಕು. ಅದು ಚೂಪಾಗಿಲ್ಲ, ಅಗಲವಾದ ಅಂಗೈಯ ಹಾಗಿದೆ. ಅದರಿಂದ ಸಣ್ಣ ಸಣ್ಣ ಬೆರಳುಗಳು ಹೊರಡುತ್ತವೆ, ಸುತ್ತ ತಡವುತ್ತವೆ, ಹಿಂದೆ ಸರಿಯುತ್ತವೆ, ಇನ್ನೊಂದು ದಿಕ್ಕಿಗೆ ಮತ್ತೆ ಚಾಚುತ್ತವೆ. ಒಂದು ಬೆರಳಿಗೆ ಹಿಡಿತ ಸಿಕ್ಕರೆ ಇಡೀ ತುದಿ ಅತ್ತ ವಾಲುತ್ತದೆ.

ಅದಕ್ಕೆ ದಾರಿ ಹೇಳುವವರು ಯಾರು? 1940ರ ದಶಕದಲ್ಲಿ ಅಮೆರಿಕದ ರೋಜರ್ ಸ್ಪೆರ್ರಿ ಕಪ್ಪೆ ಮತ್ತು ನ್ಯೂಟ್‌ಗಳ ದೃಷ್ಟಿನರ ಕತ್ತರಿಸಿ, ಕಣ್ಣುಗುಡ್ಡೆಯನ್ನು 180 ಡಿಗ್ರಿ ತಿರುಗಿಸಿ ಕೂರಿಸಿದರು. ನರ ಮತ್ತೆ ಬೆಳೆಯಿತು, ದೃಷ್ಟಿ ಬಂತು. ಆದರೆ ನೊಣ ಮೇಲಿದ್ದರೆ ಕಪ್ಪೆ ಕೆಳಕ್ಕೆ ಬಾಯಿ ಹಾಕಿತು. ಎಷ್ಟು ದಿನ ಕಳೆದರೂ ಕಲಿತು ತಿದ್ದಿಕೊಳ್ಳಲಿಲ್ಲ. ಪ್ರತಿ ತಂತುವೂ ತನ್ನ ಹಳೆಯ ಜಾಗವನ್ನೇ ಹುಡುಕಿಕೊಂಡು ಹೋಗಿತ್ತು. ತಂತುವಿಗೂ ಅದು ಸೇರುವ ಜಾಗಕ್ಕೂ ರಾಸಾಯನಿಕ ಗುರುತು ಇರಲೇಬೇಕೆಂದು ಸ್ಪೆರ್ರಿ ವಾದಿಸಿದರು. ಆ ಗುರುತನ್ನು ಕೈಗೆ ಸಿಗುವಂತೆ ಮಾಡಿದ್ದರಲ್ಲಿ ಜರ್ಮನಿಯ ಟ್ಯೂಬಿಂಗನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಫ್ರೀಡ್ರಿಖ್ ಬೊನ್‌ಹೋಫರ್ ಅವರ ಪಾಲು ದೊಡ್ಡದು. ಕೋಳಿಮರಿಯ ಟೆಕ್ಟಮ್‌ನ ಮುಂಭಾಗದ ಮತ್ತು ಹಿಂಭಾಗದ ಕೋಶಪೊರೆಗಳನ್ನು ಅವರ ತಂಡ ಪಟ್ಟೆಪಟ್ಟೆಯಾಗಿ ಹಾಸಿತು. ಅಕ್ಷಿಪಟಲದಲ್ಲಿ ಕಣತಲೆಯ ಕಡೆಯಿಂದ ಬಂದ ತಂತುಗಳು ಹಿಂಭಾಗದ ಪಟ್ಟೆಗಳನ್ನು ಮುಟ್ಟದೆ ಮುಂಭಾಗದ ಪಟ್ಟೆಗಳ ಮೇಲಷ್ಟೇ ಬೆಳೆದವು. ಅವುಗಳನ್ನು ದೂರ ತಳ್ಳುತ್ತಿದ್ದದ್ದು ಎಫ್ರಿನ್ ಗುಂಪಿನ ಪ್ರೋಟೀನು ಎಂಬುದು 1995ರಲ್ಲಿ ತಿಳಿಯಿತು. ಟೆಕ್ಟಮ್‌ನ ಮುಂದಿನಿಂದ ಹಿಂದಕ್ಕೆ ಅದರ ಪ್ರಮಾಣ ಏರುತ್ತ ಹೋಗುತ್ತದೆ. ಅದನ್ನು ಹೆಚ್ಚು ಗ್ರಹಿಸುವ ತಂತು ಮುಂದೆಯೇ ನಿಲ್ಲುತ್ತದೆ, ಕಡಿಮೆ ಗ್ರಹಿಸುವುದು ಹಿಂದಿನ ತನಕ ಹೋಗುತ್ತದೆ.

ಇದೇ ಟ್ಯೂಬಿಂಗನ್‌ನಲ್ಲಿ ಕ್ರಿಸ್ಟಿಯಾನ್ ನುಸ್ಲೈನ್-ಫೋಲ್‌ಹಾರ್ಡ್ ಇದ್ದರು. ಹಣ್ಣುನೊಣದ ಮೇಲಿನ ಕೆಲಸಕ್ಕೆ 1995ರ ನೊಬೆಲ್‌ನಲ್ಲಿ ಪಾಲು ಪಡೆದ ಅವರು ಅಷ್ಟರಲ್ಲಾಗಲೇ ಸಾವಿರಾರು ಮೀನುತೊಟ್ಟಿಗಳ ನಡುವೆ ಬೇರೊಂದು ಬೇಟೆ ನಡೆಸಿದ್ದರು. ಗಂಡು ಮೀನುಗಳನ್ನು ಜೀನ್ ಕೆಡಿಸುವ ರಾಸಾಯನಿಕದಲ್ಲಿ ಅದ್ದಿ, ಎರಡು ತಲೆಮಾರು ಕಳೆದ ಮೇಲೆ ಒಡಹುಟ್ಟಿದವುಗಳನ್ನೇ ಕೂಡಿಸಿ, ಹುಟ್ಟಿದ ಮರಿಗಳಲ್ಲಿ ಏನು ಕೆಟ್ಟಿದೆಯೆಂದು ನೋಡುವುದು. ಕಣ್ಣು-ಮಿದುಳಿನ ದಾರಿಯ ಪಾಲಿನ ಕೆಲಸವನ್ನು ಬೊನ್‌ಹೋಫರ್ ಬಳಗ ವಹಿಸಿಕೊಂಡಿತು. ಐದು ದಿನದ ಮರಿಗಳನ್ನು ಅಗರೋಸ್ ಎಂಬ ಜೆಲ್‌ನಲ್ಲಿ ಸಾಲಾಗಿ ಹುದುಗಿಸಿ, ಒಂದೊಂದರ ಕಣ್ಣಿಗೂ ಸೂಜಿಯಿಂದ ಎರಡು ಹೊಳೆಯುವ ಬಣ್ಣ ತುಂಬುತ್ತಿದ್ದರು: ಒಂದು ಕೆಂಪು, ಇನ್ನೊಂದು ಹಸಿರು, ಅಕ್ಷಿಪಟಲದ ಎದುರುಬದುರು ಮೂಲೆಗಳಿಗೆ. ಬಣ್ಣ ತಂತುಗಳ ಪೊರೆಯಗುಂಟ ಹರಿದು ಟೆಕ್ಟಮ್ ತಲುಪುತ್ತಿತ್ತು. ಸರಿಯಿದ್ದ ಮರಿಯಲ್ಲಿ ಎರಡು ಬಣ್ಣ ಎರಡು ಕಡೆ, ಬೆರೆಯದೆ. ಹೀಗೆ 2,746 ಕುಟುಂಬಗಳ ಸುಮಾರು 1,25,000 ಮರಿಗಳು! ಹೆರ್ವಿಗ್ ಬೈಯರ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ದಾರಿ ಕೆಡಿಸಿದ 114 ಉತ್ಪರಿವರ್ತನೆಗಳಿದ್ದವು. ಅವು ಸುಮಾರು 35 ಜೀನ್‌ಗಳಿಗೆ ಸೇರಿದ್ದವು. ಒಂದೊಂದು ಕಣ್ಣಿನ ಮುಂದೆಯೂ ಒಬ್ಬರು ಸೂಜಿ ಹಿಡಿದು ಕೂತಿದ್ದರೆಂಬುದನ್ನು ಆ ಅಂಕಿ ಓದುವಾಗ ಮರೆಯಬಾರದು.

ಕೆಟ್ಟ ಜೀನ್‌ಗಳಿಗೆ ಹೆಸರಿಟ್ಟರು. ನಾಯಿ ತಳಿಗಳ ಹೆಸರು ಪಡೆದವು ಮೂರು: ಬಾಕ್ಸರ್, ಡಾಕೆಲ್, ಪಿನ್ಷರ್. ಡಾಕೆಲ್ ಎಂಬುದು ಇಎಕ್ಸ್‌ಟಿ2 ಜೀನ್ ಎಂದು ಮುಂದೆ ಗೊತ್ತಾಯಿತು. ಮನುಷ್ಯರಲ್ಲಿ ಅದೇ ಜೀನ್ ಕೆಟ್ಟರೆ ಎಲುಬಿನ ಮೇಲೆ ಗಂಟುಗಂಟಾಗಿ ಗೆಡ್ಡೆ ಬೆಳೆಯುವ ವಂಶಪಾರಂಪರ್ಯ ಕಾಯಿಲೆ ಬರುತ್ತದೆ.

ಬೆಲ್ಲಡೋನಾ ಎಂಬ ಮೀನಿನದು ಬೇರೆಯದೇ ಕಥೆ. ಅದರಲ್ಲಿ ಎಲ್‌ಎಚ್‌ಎಕ್ಸ್2 ಜೀನ್ ಕೆಟ್ಟಿದೆ. ಕೆಲವು ಮರಿಗಳಲ್ಲಿ ತಂತುಗಳು ನಡುಗೆರೆ ದಾಟುವುದೇ ಇಲ್ಲ. ತಮ್ಮ ಬದಿಯ ಟೆಕ್ಟಮ್‌ಗೇ ಹೋಗುತ್ತವೆ. ಅಂಥ ಮರಿಯನ್ನು ಕಪ್ಪು-ಬಿಳಿ ಗೆರೆಗಳ ತಿರುಗುವ ಕೊಳವೆಯ ನಡುವೆ ಇಡಿ. ಸಾಮಾನ್ಯ ಮರಿಯ ಕಣ್ಣು ಗೆರೆಗಳ ಜೊತೆಗೇ ನಿಧಾನ ಸಾಗಿ, ತಟ್ಟನೆ ಹಿಂದಕ್ಕೆ ಬಂದು, ಮತ್ತೆ ಸಾಗುತ್ತದೆ. ಈ ಮರಿಯ ಕಣ್ಣು ಗೆರೆಗಳಿಗೆ ಎದುರಾಗಿ ಓಡುತ್ತದೆ. ಅದು ಕುರುಡಲ್ಲ. ಕಂಡದ್ದು ತಪ್ಪು ಬದಿಗೆ ಹೋಗುತ್ತಿದೆ, ಅಷ್ಟೇ.

ಇವೆಲ್ಲದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆಸ್ಟ್ರೇ. ಅದರ ತಂತುಗಳು ನಡುಗೆರೆಯವರೆಗೂ ಬರುತ್ತವೆ, ಬಳಿಕ ದಿಕ್ಕೆಡುತ್ತವೆ. ಕೆಲವು ಮುಂಮಿದುಳಿಗೆ ನುಗ್ಗುತ್ತವೆ, ಕೆಲವು ದಾಟಿದ ಗೆರೆಯನ್ನೇ ಮತ್ತೆ ದಾಟುತ್ತವೆ. ಯೂಟಾ ವಿಶ್ವವಿದ್ಯಾಲಯದ ಚಿ-ಬಿನ್ ಚಿಯೆನ್ ಅವರ ಬಳಗ 2001ರಲ್ಲಿ ಕೆಟ್ಟ ಜೀನ್ ರೋಬೊ2 ಎಂದು ಕಂಡುಹಿಡಿಯಿತು. ದಾರಿಯ ಅಂಚುಗಳಲ್ಲಿ ಸ್ಲಿಟ್ ಎಂಬ ಪ್ರೋಟೀನು ‘ಇತ್ತ ಬೇಡ’ ಎಂದು ತಡೆಯುತ್ತದೆ. ಆ ಮಾತನ್ನು ಕೇಳಿಸಿಕೊಳ್ಳುವ ಗ್ರಾಹಕ ರೋಬೊ2. ತೊಂದರೆ ದಾರಿಯಲ್ಲಿದೆಯೋ ನಡೆಯುವವನಲ್ಲಿದೆಯೋ ಎಂದು ತಿಳಿಯಲು ಅವರು ಭ್ರೂಣಗಳ ಕಣ್ಣುಗಳನ್ನೇ ಅದಲು ಬದಲು ಮಾಡಿದರು. ಕಣ್ಣು ಆಸ್ಟ್ರೇಯದ್ದಾದರೆ ತಂತು ದಿಕ್ಕೆಟ್ಟಿತು. ಸಾಮಾನ್ಯ ಕಣ್ಣಿನ ತಂತು ಆಸ್ಟ್ರೇ ಮಿದುಳಿನಲ್ಲೂ ಸರಿಯಾಗಿ ಸಾಗಿತು.

ಮರುವರ್ಷ ಲಾರಾ ಹಟ್ಸನ್ ಮತ್ತು ಚಿಯೆನ್ ಬೆಳೆಯುತ್ತಿರುವ ತಂತುಗಳನ್ನು ಜೀವಂತ ಮರಿಗಳಲ್ಲೇ ಚಿತ್ರ ಹಿಡಿದು ನೋಡಿದರು. ಆಗ ಕಂಡದ್ದು ನಾವು ಪಠ್ಯಪುಸ್ತಕದಲ್ಲಿ ಎಳೆಯುವ ನೇರ ಬಾಣದ ಗುರುತನ್ನು ಅಳಿಸುವಂಥದ್ದು. ಆರೋಗ್ಯವಂತ ಮರಿಯ ತಂತುವೂ ತಪ್ಪುತ್ತದೆ! ಪಕ್ಕಕ್ಕೆ ಹೊರಳುತ್ತದೆ, ಸ್ವಲ್ಪ ದೂರ ಹೋಗುತ್ತದೆ. ಆಮೇಲೆ ಹಿಂದೆ ಸರಿದು ಸರಿಯಾದ ದಾರಿ ಹಿಡಿಯುತ್ತದೆ. ಆಸ್ಟ್ರೇ ಮೀನಿನ ತಂತುಗಳು ಹೆಚ್ಚು ತಪ್ಪುವುದಷ್ಟೇ ಅಲ್ಲ, ತಪ್ಪಿದ ಮೇಲೆ ಹಿಂದೆ ಬರುವುದಿಲ್ಲ. ಜೀನ್ ಎಂದರೆ ಮೊದಲೇ ಬರೆದಿಟ್ಟ ನಕ್ಷೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ರೋಬೊ2 ನಕ್ಷೆ ಬರೆಯುತ್ತಿಲ್ಲ. ತುದಿಗೆ ತಾನು ತಪ್ಪಿದೆನೆಂದು ತಿಳಿಯುವ ಶಕ್ತಿ ಕೊಡುತ್ತಿದೆ.

ಮನುಷ್ಯರ ಒಂದೊಂದು ದೃಷ್ಟಿನರದಲ್ಲೂ ಸುಮಾರು 10 ಲಕ್ಷ ತಂತುಗಳಿವೆ. ಗ್ಲಾಕೋಮಾದಿಂದಲೋ ಪೆಟ್ಟಿನಿಂದಲೋ ಅವು ಸತ್ತರೆ ಮರಳಿ ಬೆಳೆಯುವುದಿಲ್ಲ. ಮೀನಿನಲ್ಲಿ ಬೆಳೆಯುತ್ತವೆ, ದೊಡ್ಡದಾದ ಮೇಲೂ. ಆಸ್ಟ್ರೇ ಮರಿಗಳು ದೊಡ್ಡವಾದಾಗಲೂ ತಪ್ಪು ದಾರಿಗಳು ಹಾಗೇ ಉಳಿದಿರುತ್ತವೆ. ಮುಂಮಿದುಳಿನಲ್ಲಿ ಇರಬಾರದ ದಪ್ಪ ಕಟ್ಟುಗಳಾಗಿ ಕೂತಿರುತ್ತವೆ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಂಥ ಮೀನುಗಳ ದೃಷ್ಟಿನರಕ್ಕೆ ಗಾಯ ಮಾಡಿ, ಅದು ಮತ್ತೆ ಬೆಳೆಯುವುದನ್ನು ಕಾದು ನೋಡಿದರು. ಹಳೆಯ ತಂತುಗಳು ತುಳಿದು ಮಾಡಿದ ತಪ್ಪು ದಾರಿ ಅಲ್ಲೇ ಇತ್ತು, ರೋಬೊ2 ಆಗಲೂ ಕೆಟ್ಟೇ ಇತ್ತು. ಆದರೂ ಹೊಸ ತಂತುಗಳು ಮುಂಮಿದುಳಿನ ಆ ಕಟ್ಟುಗಳನ್ನು ಮತ್ತೆ ತುಂಬಲಿಲ್ಲ. ನಡುಗೆರೆಯನ್ನು ಎರಡನೆಯ ಸಲ ದಾಟುವುದೂ ಕಡಿಮೆಯಾಗಿತ್ತು.